ಕಡಲ ನೀರಿನ ಸಾಕ್ಷಿ

ವಿದ್ಯಾರ್ಥಿಗಳೇ, ಕಾಡಿನಲ್ಲಿ ಯಾವ ಯಾವ ಮೃಗಗಳಿವೆಯೆಂಬುದನ್ನು ಹೆಜ್ಜೆಯ ಗುರುತಿನಿಂದ ಅರಿಯಬಹುದು. ಕಡಲಿನಲ್ಲಾದರೋ ಹೆಜ್ಜೆ ಮೂಡುವುದಿಲ್ಲ. ಹಾಗಾದರೆ ಕರಾವಳಿಯ ಯಾವ ಭಾಗದಲ್ಲಿ ಯಾವ ಜಲಚರಗಳು ವಾಸವಾಗಿವೆಯೆಂದು ತಿಳಿಯುವ ಬಗೆ ಹೇಗೆ? ಬಲೆ ಬೀಸಿ ನೋಡುವುದು, ನೀರಿನೊಳಗೆ ಮುಳುಗಿ ಎಣಿಸುವುದು ಇವು ಬಹುಕಾಲದಿಂದ ಬಂದ ಉಪಾಯಗಳು. ಆದರೆ ಬಲೆಯ ಕಣ್ಣಿಗಿಂತ ಸಣ್ಣದಾದ ಮೀನು ನುಸುಳಿಹೋಗುತ್ತದೆ. ಬಂಡೆಯ ಸಂದಿಯಲ್ಲಿ ಅಡಗಿದ ಮೀನು ಮುಳುಗುವವನ ಕಣ್ಣಿಗೆ ಬೀಳುವುದಿಲ್ಲ. ಈಚೆಗೆ ಬಳಕೆಗೆ ಬಂದಿರುವ ಮತ್ತೊಂದು ಉಪಾಯದಲ್ಲಿ ಮೀನನ್ನು ಹಿಡಿಯುವ ಅಗತ್ಯವೇ ಇಲ್ಲ. ನೀರನ್ನೇ ವಿಚಾರಿಸಿದರೆ ಸಾಕು. ಅದನ್ನು ನಾವು ಇಲ್ಲಿ ತಿಳಿಯೋಣ.

ಜೀವಿಗಳ ಜೀವಕೋಶಗಳಲ್ಲಿ ಡಿ.ಎನ್.ಎ. ಎಂಬ ನೂಲಿನಂಥ ವಸ್ತುವುಂಟು. ಅದರ ರಚನೆ ತಿರುಚಿದ ಏಣಿಯಂತಿದೆಯೆಂದು ವಾಟ್ಸನ್ ಮತ್ತು ಕ್ರಿಕ್ ಎಂಬ ವಿಜ್ಞಾನಿಗಳು ೧೯೫೩ರಲ್ಲಿ ಪ್ರಕಟಿಸಿದರು. ರೋಸಲಿಂಡ್ ಫ್ರಾಂಕ್ಲಿನ್ ಎಂಬ ವಿದುಷಿಯ ಎಕ್ಸ್-ಕಿರಣ ಅಧ್ಯಯನವು ಅವರಿಗೆ ಮುಖ್ಯ ಆಧಾರವಾಯಿತು. ಅಡೆನಿನ್, ಥೈಮಿನ್, ಗ್ವಾನಿನ್, ಸೈಟೊಸಿನ್ ಎಂಬ ನಾಲ್ಕು ಘಟಕಗಳೇ ಈ ಏಣಿಯ ಮೆಟ್ಟಿಲುಗಳು. ಅವನ್ನು ನಾಲ್ಕು ಅಕ್ಷರಗಳೆಂದು ಭಾವಿಸಿರಿ. ಅವುಗಳ ಜೋಡಣೆಯ ಕ್ರಮವು ಜಾತಿಯಿಂದ ಜಾತಿಗೆ ಬೇರೆಯಾಗುತ್ತದೆ. ನಮ್ಮ ಕರಾವಳಿಯ ಬಂಗುಡೆಯನ್ನು ಮುಂಬಯಿಯ ಪೇಟೆಯಲ್ಲಿ ಬಾಂಗಡಾ ಎನ್ನುವರು. ಹೆಸರು ಎರಡಾದರೂ ಅದರ ಒಳಗಿನ ಬರಹ ಒಂದೇ.

ಮೀನು ಈಜುವಾಗ ಅದರ ಮೈಯ ಲೋಳೆ, ಚರ್ಮದ ಕಣ, ಮಲ ಮುಂತಾದುವು ನೀರಿನಲ್ಲಿ ಉಳಿಯುತ್ತವೆ. ಅವುಗಳೊಡನೆ ಡಿ.ಎನ್.ಎ.ಯೂ ಸೇರುತ್ತದೆ. ಶೋಧಕರು ಸಮುದ್ರದ ನೀರನ್ನು ಬಹು ಸೂಕ್ಷ್ಮವಾದ ಸೋಸುಕಾಗದದಲ್ಲಿ ಸೋಸಿ, ಕಾಗದದ ಮೇಲೆ ನಿಂತ ಕಣಗಳಿಂದ ಅದನ್ನು ಬೇರ್ಪಡಿಸುತ್ತಾರೆ. ಅದು ಅತ್ಯಲ್ಪವಾಗಿರುವುದರಿಂದ ನಕಲುಗಳನ್ನು ಮಾಡಬೇಕಾಗುತ್ತದೆ. ಈ ವಿಧಾನವನ್ನು ೧೯೮೩ರಲ್ಲಿ ಕಂಡುಹಿಡಿದವರು ಅಮೆರಿಕದ ಕ್ಯಾರಿ ಮುಲ್ಲಿಸ್. ಪ್ರತಿ ಸುತ್ತಿನಲ್ಲಿಯೂ ನಕಲುಗಳು ಇಮ್ಮಡಿಯಾಗುತ್ತವೆ. ಒಂದರಿಂದ ಆರಂಭಿಸಿ ೩೦ ಸಲ ಇಮ್ಮಡಿಸಿ ನೋಡಿರಿ. ಸಂಖ್ಯೆ ೧೦೦ ಕೋಟಿಯನ್ನು ಮೀರುವುದು! ಬಳಿಕ ಸುಮಾರು ೧೭೦ ಅಕ್ಷರಗಳ ಒಂದು ತುಣುಕನ್ನು ಓದಿ, ಮೊದಲೇ ಸಂಗ್ರಹಿಸಿಟ್ಟ ಬರಹಗಳೊಡನೆ ಹೋಲಿಸಿ, ಇದು ಇಂಥ ಮೀನು ಎಂದು ನಿರ್ಣಯಿಸುತ್ತಾರೆ.

ಜಪಾನಿನ ಮೈಜುರು ಕೊಲ್ಲಿಯಲ್ಲಿ ನಡೆದ ಪರೀಕ್ಷೆಯನ್ನು ಉದಾಹರಣೆಯಾಗಿ ನೋಡೋಣ. ೨೦೧೪ರಲ್ಲಿ ಅಲ್ಲಿನ ಶೋಧಕರು ಸುಮಾರು ೧೧ ಚದರ ಕಿಲೊಮೀಟರ್ ವಿಸ್ತಾರದಲ್ಲಿ ೪೭ ಸ್ಥಳಗಳಿಂದ ಕೇವಲ ೬ ಗಂಟೆಗಳಲ್ಲಿ ನೀರನ್ನು ಸಂಗ್ರಹಿಸಿದರು. ಆ ನೀರಿನಿಂದ ೧೨೮ ಜಾತಿಯ ಮೀನುಗಳ ಗುರುತು ಸಿಕ್ಕಿತು. ಅದೇ ಕೊಲ್ಲಿಯಲ್ಲಿ ೧೪ ವರ್ಷಗಳ ಕಾಲ ೧೪೦ ಬಾರಿ ಮುಳುಗಿ ಕಣ್ಣಾರೆ ಕಂಡ ಮೀನುಗಳ ಪಟ್ಟಿಯೂ ಇದ್ದಿತು. ಆ ಪಟ್ಟಿಯಲ್ಲಿದ್ದ ಶೇಕಡಾ ೬೨.೫, ಎಂದರೆ ೪೦ ಜಾತಿಗಳು ಒಂದೇ ದಿನದ ನೀರಿನಲ್ಲಿ ದೊರೆತವು. ಉಳಿದವು ದೊರೆಯಲಿಲ್ಲವೆಂಬುದನ್ನೂ ನಾವು ಮರೆಯಬಾರದು. ಮುಳುಗಿದವರು ಕಾಣದ್ದನ್ನು ನೀರು ತಿಳಿಸಿತು. ಅವರು ಕಂಡ ಕೆಲವನ್ನು ಅದು ತಿಳಿಸಲಿಲ್ಲ.

ಸಾಕ್ಷಿಯ ಮಾತನ್ನು ನ್ಯಾಯಾಧೀಶನು ಒರೆಗೆ ಹಚ್ಚುವಂತೆ ಈ ನೀರಿನ ಸಾಕ್ಷಿಯನ್ನೂ ಪರೀಕ್ಷಿಸಬೇಕು. ಅದೇ ಕೊಲ್ಲಿಯಲ್ಲಿ ಜ್ಯಾಕ್ ಮ್ಯಾಕರೆಲ್ ಎಂಬ ಮೀನಿನ ಡಿ.ಎನ್.ಎ. ಸಗಟು ಮೀನುಪೇಟೆಯ ಬಳಿ ಬಹಳ ಹೆಚ್ಚಾಗಿ ಕಂಡುಬಂದಿತು. ಮಾರಾಟಕ್ಕೆ ಬಂದ ಮೀನಿನ ಅಂಶವೂ ನೀರಿಗೆ ಸೇರಬಹುದಷ್ಟೆ! ಪ್ರವಾಹವು ಕಣಗಳನ್ನು ದೂರಕ್ಕೆ ಒಯ್ಯಬಲ್ಲುದು. ಮೀನು ಬದುಕಿದೆಯೋ ಸತ್ತಿದೆಯೋ, ಮರಿಯೋ ಬೆಳೆದದ್ದೋ ಎಂಬುದನ್ನು ಈ ಬರಹ ಹೇಳದು. ಸಂಗ್ರಹದಲ್ಲಿ ಯಾವ ಮೀನಿನ ಬರಹವಿಲ್ಲವೋ ಆ ಮೀನನ್ನು ಹೆಸರಿಸಲೂ ಆಗದು. ಆದುದರಿಂದ ಮೀನನ್ನು ಕೈಯಲ್ಲಿ ಹಿಡಿದು, ರೆಕ್ಕೆಯ ಮುಳ್ಳನ್ನೆಣಿಸಿ ಜಾತಿಯನ್ನು ಗುರುತಿಸಬಲ್ಲ ಪಂಡಿತನಿಲ್ಲದೆ ಈ ಹೊಸ ವಿದ್ಯೆ ನಡೆಯದು.

ಇಷ್ಟೆಲ್ಲ ಶ್ರಮ ಏತಕ್ಕೆಂದು ನೀವು ಕೇಳಬಹುದು. ಸಮುದ್ರದ ನೀರು ಬಿಸಿಯಾಗುತ್ತಿದೆ. ಮೀನುಗಳು ತಮ್ಮ ನೆಲೆಯನ್ನು ಬದಲಿಸುತ್ತಿವೆ. ದಡದಲ್ಲಿ ಬಂದರುಗಳೂ ರಸ್ತೆಗಳೂ ಏಳುತ್ತಿವೆ. ಇಂದು ಇಲ್ಲಿ ಯಾರಿದ್ದರೆಂಬ ಲೆಕ್ಕವಿಲ್ಲದಿದ್ದರೆ ನಾಳೆ ಯಾರು ಹೋದರೆಂದು ಹೇಳುವವರಾರು? ಕಡಲನ್ನೇ ನಂಬಿದ ಬೆಸ್ತರ ಮನೆಯ ಅನ್ನವೂ ಈ ಲೆಕ್ಕಕ್ಕೆ ಸೇರಿದೆ.

ಪ್ರಯೋಗಶಾಲೆಯು ನಿಮಗೆ ಇಂದು ದೂರವಿರಬಹುದು, ಮೀನುಪೇಟೆ ದೂರವಿಲ್ಲ. ಈ ರಜೆಯಲ್ಲಿ ಅಲ್ಲಿಗೆ ಹೋಗಿ ಹತ್ತು ಮೀನುಗಳನ್ನು ಚೆನ್ನಾಗಿ ನೋಡಿರಿ. ಮಾರುವ ತಾಯಿಯಿಂದ ಅವುಗಳ ಮರಾಠಿ ಹೆಸರನ್ನು ಕೇಳಿ, ಮನೆಯ ಹಿರಿಯರಿಂದ ಕನ್ನಡದ ಹೆಸರನ್ನು ತಿಳಿದು, ದಿನಾಂಕದೊಡನೆ ಒಂದು ಪುಸ್ತಕದಲ್ಲಿ ಬರೆದಿಡಿರಿ. ಮುಂದಿನ ವರ್ಷ ಅದೇ ತಿಂಗಳಲ್ಲಿ ಪುನಃ ಹೋಗಿ, ಎರಡು ಪಟ್ಟಿಗಳನ್ನೂ ಹೋಲಿಸಿ ನೋಡಿರಿ.