ಹೆಸರಿನ ಡೊಮೇನ್‌ಗೆ 4 ಲಕ್ಷ ಕೊಡಬೇಕೇ?

ಪ್ರಶ್ನೆ: ನನ್ನ ಹೆಸರಿನ ಡಾಟ್ ಕಾಮ್ ಡೊಮೇನ್ ವಿದೇಶದಲ್ಲಿರುವ ಒಬ್ಬರ ಬಳಿ ಖಾಲಿ ಬಿದ್ದಿದೆ. ಸೀರೆ ವ್ಯಾಪಾರಕ್ಕೆ ಅದು ಬೇಕು. 4 ಲಕ್ಷ ರೂಪಾಯಿ ಕೇಳುತ್ತಿದ್ದಾರೆ. ಕೊಡಲೇ?
– ಓದುಗರು, ಹುಬ್ಬಳ್ಳಿ

ಉತ್ತರ: ಈಗಲೇ ಒಪ್ಪಬೇಡಿ. ನೇಮ್‌ಬಯೋ ತಾಣದಲ್ಲಿ ಇಂಥ ಹೆಸರುಗಳು ಹಿಂದೆ ಎಷ್ಟಕ್ಕೆ ಮಾರಾಟವಾಗಿವೆ ಎಂದು ನೋಡಿ. ತಾನಾಗಿ ಬೆಲೆ ಕಟ್ಟಿಕೊಡುವ ಉಚಿತ ತಾಣಗಳನ್ನು ನಾನಂತೂ ನಂಬುವುದಿಲ್ಲ. ಹೆಸರು ಚಿಕ್ಕದಾಗಿದ್ದು, ಹಲವು ದೇಶಗಳಲ್ಲಿ ಬಳಕೆಯಲ್ಲಿದ್ದರೆ ಬೆಲೆ ಜಾಸ್ತಿ. 'ಮಾಯಾ'ಗೆ ಬರುವಷ್ಟು ಗಿರಾಕಿಗಳು 'ಭಾಗೀರಥಿ'ಗೆ ಬರುವುದಿಲ್ಲ. ಅದನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ ಬೇರೆ.

ನಿಮ್ಮ ಗರಿಷ್ಠ ಮೊತ್ತ ನಿಗದಿ ಮಾಡಿಕೊಂಡು, ಅದರ ಮೂರನೇ ಒಂದು ಭಾಗದಿಂದ ಚೌಕಾಸಿ ಶುರುಮಾಡಿ. ವ್ಯಾಪಾರದ ಸುದ್ದಿ ಎತ್ತಲೇಬೇಡಿ. ಅವರು ಜಗ್ಗದಿದ್ದರೆ ಸುಮ್ಮನಿದ್ದುಬಿಡಿ. ಖಾಲಿ ಡೊಮೇನ್‌ಗೂ ಅವರು ವರ್ಷವರ್ಷ ಶುಲ್ಕ ಕಟ್ಟಲೇಬೇಕು. ಹೆಸರಿನ ಜೊತೆ 'ಸ್ಯಾರೀಸ್' ಸೇರಿಸಿದ ಡೊಮೇನ್ ಅಥವಾ ಡಾಟ್ ಇನ್ ಸಿಕ್ಕರೆ ಸಾಕಲ್ಲವೇ, ಅದನ್ನೂ ಯೋಚಿಸಿ.

ಹಣ ನೇರವಾಗಿ ಕಳಿಸಬೇಡಿ. ಎಸ್ಕ್ರೋ ಸೇವೆಯಲ್ಲಿಡಿ; ಡೊಮೇನ್ ನಿಮ್ಮ ಖಾತೆಗೆ ಬಂದ ಮೇಲಷ್ಟೇ ಅದು ಮಾರುವವರ ಕೈಸೇರುತ್ತದೆ. ವಿದೇಶಕ್ಕೆ ಪಾವತಿಯಾದ್ದರಿಂದ ತೆರಿಗೆ ಕಡಿತದ ಬಗ್ಗೆ ಆಡಿಟರನ್ನು ಮೊದಲೇ ಕೇಳಿ. ಹೆಸರು ನಿಮ್ಮದೆಂಬ ಕಾರಣಕ್ಕೇ ಡೊಮೇನ್ ಮೇಲೆ ಹಕ್ಕು ಬರುವುದಿಲ್ಲ. ನಿಮ್ಮ ಟ್ರೇಡ್‌ಮಾರ್ಕ್ ಇದ್ದು, ಅದರ ಲಾಭ ಪಡೆಯಲೆಂದೇ ಅವರು ಕೊಂಡಿದ್ದರೆ ಮಾತ್ರ ವಕೀಲರನ್ನು ಕಾಣಿ.