ಮನೆಯು ಅಡವಾಗುವದಕ್ಕೆ ಮುಂಚೆ

ಓದತಕ್ಕ ಭಾಗ: ನೆಹೆಮೀಯ 5ನೆಯ ಅಧ್ಯಾಯ, 1ರಿಂದ 13ನೆಯ ವಚನಗಳು.



ಯೆರೂಸಲೇಮಿನ ಗೋಡೆಯನ್ನು ತಿರಿಗಿ ಕಟ್ಟುತ್ತಿದ್ದ ದಿವಸಗಳಲ್ಲಿ ಬಡಜನರೂ ಅವರ ಹೆಂಡತಿಯರೂ ದೊಡ್ಡ ಮೊರೆ ಇಟ್ಟರೆಂದು ಈ ಅಧ್ಯಾಯದಲ್ಲಿ ಓದುತ್ತೇವೆ. ಆ ಮೊರೆಯು ಸ್ವಂತ ಸಹೋದರರ ಮೇಲೆಯೇ ಇತ್ತು. ಕೆಲವರ ಮನೆಯಲ್ಲಿ ಮಕ್ಕಳು ಬಹಳ, ಧಾನ್ಯ ಕೊಂಚ. ಕೆಲವರು ಬರಗಾಲದಲ್ಲಿ ಹೊಲವನ್ನೂ ತೋಟವನ್ನೂ ಮನೆಯನ್ನೂ ಅಡವಿಟ್ಟಿದ್ದರು. ಕೆಲವರು ಅರಸನ ಕಂದಾಯವನ್ನು ತೆರುವದಕ್ಕೋಸ್ಕರ ಸಾಲಮಾಡಿದ್ದರು. ನೆಹೆಮೀಯನು ಇವರಿಗೆ ತಾಳ್ಮೆಯನ್ನು ಬೋಧಿಸಿ ಕಳುಹಿಸಿಬಿಡಲಿಲ್ಲ. ಮೊರೆಯನ್ನು ಕೇಳಿದನು, ತನ್ನೊಳಗೆ ಆಲೋಚಿಸಿದನು, ಸಭೆಯನ್ನು ಕೂಡಿಸಿದನು, ಸಾಲಕೊಟ್ಟವರಲ್ಲಿ ತನ್ನನ್ನೂ ಎಣಿಸಿಕೊಂಡನು, ಬಡ್ಡಿಯನ್ನು ಬಿಟ್ಟು ಹೊಲಮನೆಗಳನ್ನು ಅದೇ ದಿವಸ ಹಿಂದಕ್ಕೆ ಕೊಡಬೇಕೆಂದು ಹೇಳಿದನು. ನಾಳೆ ಎಂಬ ಮಾತು ಅಲ್ಲಿ ಇಲ್ಲ. ನಾವು ಈ ಪಾಠದಲ್ಲಿ ಕಲಿಯತಕ್ಕದ್ದೂ ಇದೇ: ಕಷ್ಟದಲ್ಲಿರುವ ಮನೆಯವರಿಗೆ ಸಹಾಯವು ತಡವಾಗದೆ, ಮನೆಯು ಕೈಬಿಡುವದಕ್ಕೆ ಮುಂಚೆಯೇ ಬರಬೇಕು.

1. ಕಷ್ಟವು ಹೇಗೆ ಬರುತ್ತದೆ

ಮರ್ಕಂಜದವರಿಗೂ ಅದೇ ತಾಲೂಕಿನ ಅರಂತೋಡು, ಸಂಪಾಜೆ ಗ್ರಾಮಗಳವರಿಗೂ ಅಡಿಕೆಯ ಹಳದಿ ಎಲೆ ರೋಗವನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಗರಿಯ ತುದಿಯು ಹಳದಿಯಾಗುತ್ತದೆ, ಎಳೆಗಾಯಿ ಉದುರುತ್ತದೆ, ಉಳಿದ ಕಾಯಿಯನ್ನು ಸುಲಿದರೆ ಒಳಗಿನ ಅಡಿಕೆ ಕಪ್ಪಾಗಿರುತ್ತದೆ, ಮರದ ತಲೆಯು ವರುಷ ವರುಷಕ್ಕೆ ಸಣ್ಣದಾಗುತ್ತದೆ. ಮರದ ಆಹಾರನಾಳಗಳಲ್ಲಿ ಇರುವ ಫೈಟೊಪ್ಲಾಸ್ಮಾ ಎಂಬ ಅತಿಸೂಕ್ಷ್ಮ ಜೀವಿಯು ಇದಕ್ಕೆ ಕಾರಣವೆಂದೂ, ಒಂದು ವಿಧದ ಜಿಗಿಹುಳವು ಅದನ್ನು ಮರದಿಂದ ಮರಕ್ಕೆ ಒಯ್ಯುತ್ತದೆಂದೂ ಶೋಧಕರು ಕಂಡುಕೊಂಡಿದ್ದಾರೆ. ಗೊಬ್ಬರ, ಬಸಿಗಾಲುವೆ ಮುಂತಾದ ಆರೈಕೆಯಿಂದ ಮರವು ಇನ್ನು ಕೆಲವು ಕಾಲ ನಿಂತೀತು. ಗುಣಪಡಿಸುವ ಔಷಧವು ಇಲ್ಲ.

ಬೆಲೆ ಇಳಿದ ಕಷ್ಟ ಬೇರೆ, ಈ ಕಷ್ಟ ಬೇರೆ. 1970ರ ಸುಮಾರಿಗೆ ಅಡಿಕೆಯ ಬೆಲೆ ಕುಸಿದಾಗ ಬೆಳೆಗಾರರು ಒಟ್ಟುಗೂಡಿ 1973ನೆಯ ಜುಲೈ 11ರಂದು ಕ್ಯಾಂಪ್ಕೊ ಎಂಬ ಸಹಕಾರ ಸಂಸ್ಥೆಯನ್ನು ಹುಟ್ಟಿಸಿದರು; ವಾರಣಾಶಿ ಸುಬ್ರಾಯ ಭಟ್ಟರು ಅದರ ಮುಂದಾಳು. ಅಂಥ ಸಂಸ್ಥೆಯಿಂದ ಬೆಲೆಯನ್ನು ಎತ್ತಿ ನಿಲ್ಲಿಸಬಹುದು. ಆದರೆ ತೋಟವೇ ಬರಿದಾದವನಿಗೆ ಬೆಲೆ ಏರಿದರೂ ಮಾರುವದಕ್ಕೆ ಏನೂ ಇಲ್ಲ. ಹೊಸ ಅಡಿಕೆ ಸಸಿಯು ಫಲ ಕೊಡುವದಕ್ಕೆ ಐದಾರು ವರುಷ ಬೇಕು. ರಬ್ಬರು ಹಾಲು ಕೊಡುವದಕ್ಕೆ ಏಳು ವರುಷ. ಅಷ್ಟು ಕಾಲ ಆ ಮನೆಯವರು ಮನೆಯಲ್ಲಿಯೇ ನಿಲ್ಲಬೇಕು. ತೋಟದವನಿಗೆ ಮಾತ್ರವಲ್ಲ, ಕೊಯ್ಲಿಗೆ ಮರ ಹತ್ತುವವನಿಗೂ ಅಡಿಕೆ ಸುಲಿಯುವವಳಿಗೂ ಅದೇ ವರುಷಗಳಲ್ಲಿ ಕೂಲಿಯು ತಪ್ಪುತ್ತದೆ.

ಇನ್ನೊಂದು ಸಂಗತಿ. ಬಯಲುಸೀಮೆಯ ಊರಿನಲ್ಲಿ ಮನೆಗೆ ಮನೆ ತಾಗಿರುತ್ತದೆ. ಒಬ್ಬನ ಒಲೆ ಉರಿಯದಿದ್ದರೆ ನೆರೆಯವನಿಗೆ ತಿಳಿಯುತ್ತದೆ. ನಮ್ಮಲ್ಲಾದರೋ ಪ್ರತಿಯೊಬ್ಬನ ಮನೆಯು ಅವನವನ ತೋಟದ ಬದಿಯಲ್ಲಿ, ಗುಡ್ಡದ ಆಚೆ, ತೋಡಿನ ಆಚೆ ಇದೆ. ಆದಕಾರಣ ಇಲ್ಲಿ ಬಡತನವು ಬಹಳ ದಿವಸ ಅಡಗಿರಬಹುದು.

2. ಮನೆಯು ಕೈಬಿಡುವ ಮೆಟ್ಟಲುಗಳು

ಯಾವ ಮನೆಯೂ ಒಂದೇ ದಿವಸದಲ್ಲಿ ಹೋಗುವದಿಲ್ಲ. ಒಂದು ಕುಟುಂಬವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿರಿ. ಮೊದಲು ಹೆಂಡತಿಯ ಚಿನ್ನವು ಅಡವಿಗೆ ಹೋಗುತ್ತದೆ. ಬಳಿಕ ಸಹಕಾರ ಸಂಘದ ಬೆಳೆಸಾಲದ ಗಡುವು ಬರುತ್ತದೆ. ಗಡುವಿನೊಳಗೆ ತೀರಿಸಿದವನಿಗೆ ಆ ಸಾಲದ ಬಡ್ಡಿಯಲ್ಲಿ ಸರಕಾರದ ರಿಯಾಯಿತಿ ಉಂಟು, ತಪ್ಪಿದವನಿಗೆ ಅದು ಇಲ್ಲ. ಆದದರಿಂದ ಅವನು ಕೈಸಾಲ ಮಾಡಿ ಅದನ್ನು ತೀರಿಸುತ್ತಾನೆ. ಕೈಸಾಲದ ಬಡ್ಡಿಯು ತಿಂಗಳಿಗೆ ನೂರಕ್ಕೆ ಮೂರು ರೂಪಾಯಿಯೆಂದು ಇಟ್ಟುಕೊಂಡರೆ, 50,000 ರೂಪಾಯಿಗೆ ತಿಂಗಳೊಂದಕ್ಕೆ 1,500, ವರುಷಕ್ಕೆ 18,000, ಮೂರು ವರುಷಕ್ಕೆ 54,000 ಆಗುತ್ತದೆ. ಬಡ್ಡಿಯು ಅಸಲನ್ನು ಮೀರಿತು, ಅಸಲು ಹಾಗೆಯೇ ನಿಂತಿತು. ಆ ಬಡ್ಡಿಗಾಗಿ ಹೆಂಡತಿಯು ಗುಂಪುಸಾಲ ತರುತ್ತಾಳೆ. ಕೊನೆಗೆ ಒಬ್ಬನು ಬಂದು, ಎಲ್ಲಾ ಸಾಲವನ್ನು ನಾನು ತೀರಿಸುತ್ತೇನೆ, ಒಂದು ಕಾಗದಕ್ಕೆ ಮಾತ್ರ ರುಜು ಹಾಕಿರಿ ಅನ್ನುತ್ತಾನೆ. ಮೆಟ್ಟಲುಗಳಲ್ಲಿ ಭಯಂಕರವಾದದ್ದು ಇದೇ.

3. ಕಾನೂನು ಎಲ್ಲಿಯ ತನಕ ಕಾಯುತ್ತದೆ

ಸಾಲಗಾರನಿಗೆ ಮನೆಯಲ್ಲಿ ಯಾವ ಹಕ್ಕೂ ಇಲ್ಲವೆಂದು ನಮ್ಮ ಜನರಲ್ಲಿ ಅನೇಕರು ನೆನಸುತ್ತಾರೆ. ಇದು ಸರಿಯಲ್ಲ. 1908ನೆಯ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಪ್ರಕರಣದ ಪ್ರಕಾರ, ಕೃಷಿಕನೂ ಕೂಲಿಯವನೂ ತಾನು ವಾಸಿಸುವ ಸ್ವಂತ ಮನೆಯನ್ನೂ ಅದಕ್ಕೆ ಬೇಕಾದ ಅಂಗಳವನ್ನೂ ಸಾಮಾನ್ಯ ಸಾಲದ ತೀರ್ಪಿಗಾಗಿ ಜಪ್ತಿ ಮಾಡಿ ಮಾರಲಾಗದು. ಆದರೆ ಅವನು ತಾನೇ ಆ ಮನೆಯನ್ನು ಅಡವಿಟ್ಟಿದ್ದರೆ ಈ ಆಶ್ರಯವು ಅವನಿಗೆ ಸಿಕ್ಕುವದಿಲ್ಲ. ಬ್ಯಾಂಕುಗಳು ನ್ಯಾಯಾಲಯಕ್ಕೆ ಹೋಗದೆ ಅಡವನ್ನು ವಶಮಾಡಿಕೊಳ್ಳುವದಕ್ಕೆ 2002ರಲ್ಲಿ ಆದ ಸರ್ಫೇಸಿ ಕಾಯಿದೆಯೂ ಕೃಷಿಭೂಮಿಯನ್ನು ಹೊರಗಿಟ್ಟಿದೆ. ಪರಿವರ್ತನೆಯಾದ ಮನೆಯ ನಿವೇಶನಕ್ಕೆ ಆ ರಕ್ಷಣೆಯಿಲ್ಲ. ನೋಡಿರಿ, ಕಾನೂನು ಮನೆಯ ಬಾಗಿಲಲ್ಲಿ ಕಾವಲು ನಿಂತಿದೆ. ಒಳಗಿನವನು ತನ್ನ ಕೈಯಿಂದಲೇ ಬಾಗಿಲು ತೆರೆದುಕೊಟ್ಟರೆ ಕಾವಲುಗಾರನು ಏನು ಮಾಡುವನು?

ಅಡವಿಗಿಂತಲೂ ಕೆಟ್ಟದ್ದು ಸಾಲಕ್ಕಾಗಿ ಬರೆದುಕೊಡುವ ಕ್ರಯಪತ್ರ. ಹಣ ತೀರಿಸಿದಾಗ ತಿರಿಗಿ ಬರೆದುಕೊಡುತ್ತೇನೆಂದು ಬಾಯಿಮಾತು ಕೊಡುತ್ತಾರೆ. 1882ನೆಯ ಸ್ವತ್ತು ವರ್ಗಾವಣೆ ಕಾಯಿದೆಗೆ 1929ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಹಿಂದಕ್ಕೆ ಕೊಡುವ ಷರತ್ತು ಅದೇ ಕ್ರಯಪತ್ರದಲ್ಲಿ ಬರೆದಿರದಿದ್ದರೆ ಅದನ್ನು ಷರತ್ತಿನ ಕ್ರಯದ ಅಡವೆಂದು ಎಣಿಸುವದಿಲ್ಲ. ಬಾಯಿಮಾತು ಗಾಳಿಗೆ ಹೋಯಿತು, ಕಾಗದವು ನಿಂತಿತು.

ಗುಂಪುಸಾಲದ ವಿಷಯದಲ್ಲಿಯೂ ತಿಳಿದಿರಬೇಕು. 2022ನೆಯ ಏಪ್ರಿಲಿನಿಂದ ನಡೆಯುವ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಮೈಕ್ರೊಫೈನಾನ್ಸ್ ಸಾಲವೆಂಬದು ವರುಷಕ್ಕೆ 3 ಲಕ್ಷ ರೂಪಾಯಿಯೊಳಗಿನ ಆದಾಯವಿರುವ ಮನೆಯವರಿಗೆ ಅಡವಿಲ್ಲದೆ ಕೊಡುವ ಸಾಲ. ವಸೂಲಿಗಾರನು ಬೆಳಿಗ್ಗೆ 9ಕ್ಕೆ ಮುಂಚೆಯೂ ಸಾಯಂಕಾಲ 6ರ ಮೇಲೆಯೂ ಸಾಲಗಾರನನ್ನು ಕರೆಯಬಾರದು. ಹೀಗಿದ್ದರೂ 2025ನೆಯ ಜನವರಿಯಲ್ಲಿ ನಮ್ಮ ರಾಜ್ಯದ ಚಾಮರಾಜನಗರ ಜಿಲ್ಲೆಯಲ್ಲಿ ಇಂಥ ಸಾಲದ ವಸೂಲಿಗೆ ಹೆದರಿದ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿಯು ಬಂತು. ಮರುತಿಂಗಳಲ್ಲಿ ರಾಜ್ಯ ಸರಕಾರವು ಬಲಾತ್ಕಾರದ ವಸೂಲಿಯನ್ನು ತಡೆಯುವದಕ್ಕೆ ಸುಗ್ರೀವಾಜ್ಞೆಯನ್ನು ಹೊರಡಿಸಿ, 10 ವರುಷದ ವರೆಗೆ ಸೆರೆವಾಸವನ್ನು ನೇಮಿಸಿತು. ಆದರೂ ನಾವು ವಿಚಾರಿಸಬೇಕಾದದ್ದು ಇದು: ಆ ಬೀಗ ಹಾಕಿದ ರಾತ್ರಿ, ಹೆದರಬೇಡಿರಿ, ಅಡವಿಲ್ಲದ ಸಾಲಕ್ಕೆ ಮನೆ ಹೋಗುವದಿಲ್ಲವೆಂದು ಹೇಳುವವರು ಯಾರಾದರೂ ಹತ್ತಿರವಿದ್ದರೋ?

4. ಕಳೆದ ಕಾಲದ ಸಾಕ್ಷಿ

ನಮ್ಮ ಜಿಲ್ಲೆಯು ಮದ್ರಾಸು ಆಧಿಪತ್ಯಕ್ಕೆ ಸೇರಿದ್ದಾಗ, 1929ರ ಬಳಿಕ ಲೋಕವನ್ನೆಲ್ಲಾ ಹಿಡಿದ ಬೆಲೆಕುಸಿತವು ಕೃಷಿಕರನ್ನು ಸಾಲದಲ್ಲಿ ಮುಳುಗಿಸಿತು. ರಾಜಗೋಪಾಲಾಚಾರಿಯವರ ಮಂತ್ರಿಮಂಡಲವು 1938ರಲ್ಲಿ ಕೃಷಿಕರ ಸಾಲಪರಿಹಾರ ಕಾಯಿದೆಯನ್ನು ಮಾಡಿ, 1932ನೆಯ ಅಕ್ಟೋಬರಿಗೆ ಮುಂಚಿನ ಸಾಲಗಳ ಬಾಕಿ ಬಡ್ಡಿಯನ್ನು ತೆಗೆದುಹಾಕಿತು; ಅಸಲಿನ ಎರಡರಷ್ಟನ್ನು ಆಗಲೇ ಕೊಟ್ಟವನ ಸಾಲವು ತೀರಿತೆಂದು ಎಣಿಸಿತು. ಒಳ್ಳೇ ಕಾಯಿದೆ. ಆದರೆ ಕಷ್ಟವು ಬಂದು ಒಂಭತ್ತು ವರುಷವಾಗಿತ್ತು.

ಚಾಲಗೇಣಿ ಒಕ್ಕಲುಗಳ ಕಾಲವನ್ನು ಹಿರಿಯರು ಬಲ್ಲರು. ಧನಿಯು ಬಿಡೆಂದರೆ ಗದ್ದೆಯೂ ಹೋಯಿತು, ಗದ್ದೆಯ ಬದಿಯ ಮನೆಯೂ ಹೋಯಿತು. 1974ನೆಯ ಮಾರ್ಚ್ 1ರಿಂದ ಭೂಸುಧಾರಣೆಯು ಗೇಣಿಭೂಮಿಯನ್ನು ಸರಕಾರದ ವಶಮಾಡಿ, ಅರ್ಜಿ ಕೊಟ್ಟ ಒಕ್ಕಲಿಗೆ ಹಕ್ಕನ್ನು ಕೊಟ್ಟಿತು. ಪರರ ಜಮೀನಿನಲ್ಲಿ ಮನೆಕಟ್ಟಿಕೊಂಡಿದ್ದ ಕೃಷಿಕೂಲಿಯವನಿಗೂ 38ನೆಯ ಪ್ರಕರಣದಲ್ಲಿ ಆ ಮನೆಯ ಹಕ್ಕು ದೊರೆಯಿತು. 7ನೆಯ ನಮೂನೆಯ ಅರ್ಜಿಗೆ ಕೊನೆಯ ದಿವಸವು 1979ನೆಯ ಜೂನ್ 30. ಹಕ್ಕಿದ್ದರೂ ಆ ದಿವಸದೊಳಗೆ ಅರ್ಜಿ ಕೊಡದವನು ಹಿಂದುಳಿದನು. ಹಕ್ಕು ಕಾಯಿದೆಯಲ್ಲಿದ್ದರೆ ಸಾಲದು. ಸಮಯಕ್ಕೆ ಅದನ್ನು ತಿಳಿಸಿ, ಜೊತೆಯಲ್ಲಿ ಕಚೇರಿಯ ಮೆಟ್ಟಲು ಹತ್ತುವ ಒಬ್ಬನು ಬೇಕು.

5. ಸಭೆಯು ಮಾಡತಕ್ಕದ್ದು

ಮೊದಲನೆಯದು, ಹೋಗಿ ನೋಡುವದು. ಎರಡು ಆದಿತ್ಯವಾರ ಆಲಯಕ್ಕೆ ಬಾರದವರನ್ನು ಮೈಗಳ್ಳರೆಂದು ತೀರ್ಪು ಮಾಡುವದಕ್ಕೆ ಮುಂಚೆ ಹಿರಿಯರು ಅವರ ಮನೆಗೆ ಹೋಗಲಿ. ಕೊಡುವದಕ್ಕೆ ಕಾಣಿಕೆಯಿಲ್ಲದೆ ನಾಚಿ ನಿಂತವರು ಇದ್ದಾರೆ.

ಎರಡನೆಯದು, ಗುಟ್ಟನ್ನು ಕಾಯುವದು. ಅಂಗಡಿಯ ಜಗಲಿಯಲ್ಲಿ ತನ್ನ ಸಾಲದ ಮಾತು ಕೇಳಿದವನು ಇನ್ನು ಮೇಲೆ ಯಾರಿಗೂ ಬಾಯಿಬಿಡನು.

ಮೂರನೆಯದು, ಕಾಗದವನ್ನು ಓದುವದು. ಯಾವ ಕಾಗದಕ್ಕಾದರೂ ರುಜು ಹಾಕುವದಕ್ಕೆ ಮುಂಚೆ ಅದನ್ನು ಮನೆಗೆ ತಂದು, ಗಂಡಹೆಂಡತಿ ಇಬ್ಬರೂ ಕೇಳುವಂತೆ ಓದಿಸಲಿ. ಶಾಲೆ ಕಲಿತ ಯೌವನಸ್ಥರಿಗೆ ಇದೊಂದು ಸೇವೆ. ಸುಳ್ಯದ ನ್ಯಾಯಾಲಯದಲ್ಲಿ ತಾಲೂಕು ಕಾನೂನು ಸೇವಾ ಸಮಿತಿಯಿದೆ. 1987ನೆಯ ಕಾಯಿದೆಯ ಪ್ರಕಾರ ಸ್ತ್ರೀಯರಿಗೂ ಪರಿಶಿಷ್ಟ ಜಾತಿ ಪಂಗಡದವರಿಗೂ ಆದಾಯವನ್ನು ನೋಡದೆ ಅಲ್ಲಿ ಉಚಿತ ಸಹಾಯವು ದೊರೆಯುತ್ತದೆ. ಸರಕಾರಿ ಜಾಗದಲ್ಲಿ ಮನೆಯಿದ್ದು ಹಕ್ಕುಪತ್ರವಿಲ್ಲದವರು, ಜನರು 94ಸಿ ಅನ್ನುವ ಅರ್ಜಿಯ ವಿಷಯವನ್ನು ತಾಲೂಕು ಕಚೇರಿಯಲ್ಲಿ ವಿಚಾರಿಸಲಿ.

ನಾಲ್ಕನೆಯದು, ಬಡ್ಡಿಯಿಲ್ಲದ ಕೈ. ಹಿಡಿ ಅಕ್ಕಿಯಿಂದಲೂ ಬೆಳೆಹಬ್ಬದ ಕಾಣಿಕೆಯಿಂದಲೂ ಒಂದು ಪಾಲನ್ನು ಇದಕ್ಕೆಂದು ತೆಗೆದಿಡಬಹುದು. ಅದು ದೊಡ್ಡ ಸಾಲವನ್ನು ತೀರಿಸದು. ಆದರೆ ಸಂಘದ ಗಡುವಿಗೆ ಕೊರತೆಯಾದ ಐದಾರು ಸಾವಿರವು ಸಮಯಕ್ಕೆ ದೊರೆತರೆ ಮೇಲೆ ಹೇಳಿದ ಎರಡನೆಯ ಮೆಟ್ಟಲಿನಲ್ಲಿಯೇ ಒಂದು ಮನೆಯು ನಿಲ್ಲಬಹುದು. ಹಣವಿಲ್ಲದವನು ಮಳೆಗೆ ಮುಂಚೆ ಒಂದು ದಿವಸ ಹೋಗಿ ಮಾಡು ಸರಿಮಾಡಿಕೊಡಲಿ. ತೋಟವುಳ್ಳವನು ಹೊರಗಿನವನಿಗಿಂತ ಮೊದಲು ಆ ಮನೆಯವನಿಗೆ ಕೂಲಿಯನ್ನು ಕೊಡಲಿ.

ಐದನೆಯದು, ನಮ್ಮೊಳಗಿನ ಸಾಲಕೊಡುವವರಿಗೆ ಒಂದು ಮಾತು. ಸಹೋದರನ ಹಳದಿಯಾದ ತೋಟವನ್ನು ನೋಡಿ ಮೂರು ರೂಪಾಯಿ ಬಡ್ಡಿಗೆ ಹಣವನ್ನು ಚಾಚುವವನು ನೆಹೆಮೀಯನ ಮುಂದೆ ಯಾವ ಸಾಲಿನಲ್ಲಿ ನಿಲ್ಲುವನು ಎಂದು ತಾನೇ ಎಣಿಸಿಕೊಳ್ಳಲಿ.

ಮನೆಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ನೆಹೆಮೀಯನು ಸಾಲಕೊಟ್ಟವರಲ್ಲಿ ತನ್ನನ್ನೂ ಎಣಿಸಿಕೊಂಡದ್ದು ಯಾಕೆ?
2. ನಮ್ಮ ಮನೆಯ ಸಾಲವೆಲ್ಲಾ ಗಂಡಹೆಂಡತಿ ಇಬ್ಬರಿಗೂ ತಿಳಿದಿದೆಯೋ? ಮನೆಯ ದಾಖಲೆಗಳು ಎಲ್ಲಿವೆ?
3. ಅಡವಿಗೂ ಕ್ರಯಕ್ಕೂ ಇರುವ ಭೇದವೇನು?
4. ಗುಡ್ಡದ ಆಚೆ ನಾವು ಈ ತಿಂಗಳಲ್ಲಿ ನೋಡದೆ ಇರುವ ಮನೆ ಯಾವದು? ಅಲ್ಲಿಗೆ ಈ ವಾರ ಯಾರು ಹೋಗುವರು?

ಕಡೇ ಪ್ರಶ್ನೆಗೆ ಹೆಸರು ಹೇಳಿ ಉತ್ತರ ಕೊಡದೆ ಕೂಟವನ್ನು ಮುಗಿಸಬೇಡಿರಿ.