ಗಂಟಲ ನಳಿಗೆ: ಡಿಸ್ಚಾರ್ಜ್ ಆದ ಮೇಲಿನ ಲೆಕ್ಕ

ಟ್ರೇಕಿಯಾಸ್ಟಮಿ ಎಂದರೆ ಕೊರಳಿನ ಮುಂಭಾಗದಲ್ಲಿ, ಧ್ವನಿಪೆಟ್ಟಿಗೆಯ ಕೆಳಗೆ ಶ್ವಾಸನಾಳಕ್ಕೆ ರಂಧ್ರ ಮಾಡಿ ಉಸಿರಾಟಕ್ಕೆ ನಳಿಗೆ ಕೂರಿಸುವ ಶಸ್ತ್ರಚಿಕಿತ್ಸೆ. ಬಾಯಿ, ಗಂಟಲಿನ ಕ್ಯಾನ್ಸರ್ ಉಸಿರಿನ ದಾರಿಯನ್ನು ಮುಚ್ಚಿದಾಗ ಇದು ಬೇಕಾಗುತ್ತದೆ. ತಲೆಗೆ ಪೆಟ್ಟು ಬಿದ್ದು ಅಥವಾ ಪಾರ್ಶ್ವವಾಯು ಬಡಿದು ಕಫ ಕೆಮ್ಮಿ ಹಾಕುವ ಶಕ್ತಿ ಹೋದಾಗ, ಕ್ರಿಮಿನಾಶಕ ಹೊಟ್ಟೆಗೆ ಸೇರಿ ಬಹಳ ದಿನ ವೆಂಟಿಲೇಟರಿನ ಮೇಲೆ ಇರಬೇಕಾದಾಗಲೂ ವೈದ್ಯರು ಇದನ್ನೇ ಮಾಡುತ್ತಾರೆ. ಶಸ್ತ್ರಚಿಕಿತ್ಸೆಯ ಖರ್ಚು ಒಂದು ಸಲದ್ದು. ಬಿಪಿಎಲ್ ಕುಟುಂಬಗಳಿಗೆ ಅದು ಬಹುಪಾಲು ಆಯುಷ್ಮಾನ್ ಕಾರ್ಡಿನಲ್ಲೇ ಕಳೆಯುತ್ತದೆ. ನಳಿಗೆಯೊಂದಿಗೆ ಮನೆಗೆ ಬಂದ ಮೇಲಿನ ಖರ್ಚು ದಿನದಿನದ್ದು. ಚಿಕ್ಕ ಚಿಕ್ಕ ಮೊತ್ತಗಳಲ್ಲಿ, ಕೈಯಿಂದಲೇ ಹೋಗುವಂಥದ್ದು. ರೇಷನ್ನಿನಂತೆ, ಹಾಲಿನ ಲೆಕ್ಕದಂತೆ ಇದಕ್ಕೂ ತಿಂಗಳ ಬಜೆಟ್ಟಿನಲ್ಲಿ ಜಾಗ ಮಾಡದ ಮನೆ ಕೆಲವೇ ತಿಂಗಳಲ್ಲಿ ಸಾಮಾನು ಕಡಿತ ಮಾಡಲು ತೊಡಗುತ್ತದೆ. ಆ ಕಡಿತ ನೇರವಾಗಿ ರೋಗಿಯ ಉಸಿರಿಗೆ ತಟ್ಟುತ್ತದೆ.

ಇಲ್ಲಿನ ಲೆಕ್ಕ ಬಸವಕಲ್ಯಾಣ ಪಟ್ಟಣಕ್ಕೆ ಹತ್ತಿರದ ನಾರಾಯಣಪುರದಲ್ಲಿ, ಲೇಖಕರ ಮನೆಯ ಹಿರಿಯರೊಬ್ಬರ ಆರೈಕೆಯಿಂದ ಕಲಿತದ್ದು. ಚಾಲುಕ್ಯರ ಕಾಲದ ಶಿವಾಲಯವಿರುವ ಈ ಊರಿನಿಂದ ಸಣ್ಣಪುಟ್ಟ ಔಷಧಿಗೆ ಬಸವಕಲ್ಯಾಣ ಸಾಕು. ತಜ್ಞ ವೈದ್ಯರಿಗಾಗಿ ಬೀದರ್ ಅಥವಾ ಕಲಬುರಗಿಗೆ, ಇಲ್ಲವೇ ಗಡಿ ದಾಟಿ ಸೊಲ್ಲಾಪುರ, ಹೈದರಾಬಾದಿಗೆ ಹೋಗಬೇಕು.

ನಳಿಗೆಯ ಬಗೆಗಳು

ನಳಿಗೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಪಿವಿಸಿ ಪ್ಲಾಸ್ಟಿಕ್ಕಿನ ನಳಿಗೆ ಮೆತ್ತಗಿರುತ್ತದೆ. ಅದನ್ನು ಸಾಮಾನ್ಯವಾಗಿ ತಿಂಗಳಿಗೊಮ್ಮೆ ಬದಲಿಸಬೇಕು. ಲೋಹದ ನಳಿಗೆಯನ್ನು ತೊಳೆದು, ಕುದಿಸಿ ಬಹುಕಾಲ ಬಳಸಬಹುದು. ಭಾರತದ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಕಾಣುವ ಫುಲ್ಲರ್ ಮತ್ತು ಜಾಕ್ಸನ್ ನಳಿಗೆಗಳು ಈ ಎರಡನೆಯ ಬಗೆಯವು. ಅವುಗಳಲ್ಲಿ ಒಂದರೊಳಗೊಂದು ಎರಡು ನಳಿಗೆಗಳಿರುತ್ತವೆ. ಹೊರನಳಿಗೆ ಕೊರಳಲ್ಲೇ ಇರುತ್ತದೆ, ಒಳನಳಿಗೆಯನ್ನು ತೆಗೆದು ತೊಳೆದು ಮತ್ತೆ ಹಾಕಲಾಗುತ್ತದೆ.

ಹಣದ ದೃಷ್ಟಿಯಿಂದ ಲೋಹದ ನಳಿಗೆಯೇ ಅಗ್ಗ. ಆದರೆ ಅದಕ್ಕೆ ಮಿತಿಗಳಿವೆ. ಕೊರಳಿಗೆ ವಿಕಿರಣ ಚಿಕಿತ್ಸೆ ನಡೆಯುವಾಗ ಲೋಹದ ನಳಿಗೆ ಇರಕೂಡದು. ಎಂಆರ್‌ಐಗೆ ಹೋಗುವಾಗಲೂ ಅದನ್ನು ಬದಲಿಸಬೇಕು. ಗಾಳಿ ತುಂಬುವ ಕಫ್ ಅದಕ್ಕೆ ಇಲ್ಲದ ಕಾರಣ ವೆಂಟಿಲೇಟರ್ ಬೇಕಾದವರಿಗೆ ಅದು ಹೊಂದುವುದಿಲ್ಲ. ವರ್ಷಗಟ್ಟಲೆ ಬಳಸಿದ ಲೋಹದ ನಳಿಗೆ ಬೆಸುಗೆಯಲ್ಲಿ ಬಿರುಕು ಬಿಟ್ಟು, ಮುರಿದ ತುಂಡು ಶ್ವಾಸನಾಳಕ್ಕೆ ಜಾರಿದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ತೊಳೆಯುವಾಗಲೆಲ್ಲ ಹೊರನಳಿಗೆಯ ಪಟ್ಟಿ ಮತ್ತು ನಳಿಗೆ ಸೇರುವ ಜಾಗವನ್ನು ಬೆಳಕಿಗೆ ಹಿಡಿದು ನೋಡಬೇಕು. ಯಾವ ನಳಿಗೆ ಎಂಬುದು ವೈದ್ಯರ ತೀರ್ಮಾನ. ಲೋಹದ್ದು ನಡೆಯುತ್ತದೆಯೇ ಎಂದು ಡಿಸ್ಚಾರ್ಜಿಗೆ ಮೊದಲೇ ಕೇಳುವುದು ಮನೆಯವರ ಕೆಲಸ.

ನಳಿಗೆ ಯಾವುದೇ ಇರಲಿ, ಅದರ ಹೆಸರು ಮತ್ತು ನಂಬರನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಬೇಕು. ಅದೇ ನಂಬರಿನ ಒಂದು, ಒಂದು ಅಳತೆ ಚಿಕ್ಕದಾದ ಇನ್ನೊಂದು, ಹೀಗೆ ಎರಡು ಹೆಚ್ಚುವರಿ ನಳಿಗೆಗಳು ಸದಾ ಮನೆಯಲ್ಲಿರಬೇಕು. ಎಷ್ಟೇ ಕೈ ಬಿಗಿಯಿದ್ದರೂ ಮುಟ್ಟಬಾರದ ಖರ್ಚು ಇದು.

ದಿನದ ಆರೈಕೆ

ಒಳನಳಿಗೆಯನ್ನು ದಿನಕ್ಕೆ ಕನಿಷ್ಠ ಎರಡು ಮೂರು ಸಲ, ಕಫ ಗಟ್ಟಿಯಿದ್ದರೆ ಇನ್ನೂ ಹೆಚ್ಚು ಸಲ ತೊಳೆಯಬೇಕು. ನಾರಾಯಣಪುರದ ಮನೆಯಲ್ಲಿ ಇದಕ್ಕೆ ಎರಡು ಸ್ಟೀಲ್ ಬಟ್ಟಲು, ಸಣ್ಣ ಬ್ರಷ್ ಮತ್ತು ಮುಚ್ಚಳದ ಡಬ್ಬಿ ಬೇರೆಯೇ ಇಟ್ಟಿದ್ದವು. ಕೈಯನ್ನು ಸೋಪಿನಿಂದ ತೊಳೆದು, ಒಂದು ಕೈಯಲ್ಲಿ ಹೊರನಳಿಗೆಯ ಪಟ್ಟಿ ಹಿಡಿದು, ಇನ್ನೊಂದು ಕೈಯಿಂದ ಒಳನಳಿಗೆಯ ಬೀಗ ತಿರುಗಿಸಿ ಹೊರತೆಗೆಯಬೇಕು. ಮೊದಲ ಬಟ್ಟಲಲ್ಲಿ ನೆನೆಸಿ ಬ್ರಷ್ ಆಡಿಸಿ, ಎರಡನೆಯದರ ಕುದಿಸಿ ಆರಿಸಿದ ನೀರಿನಲ್ಲಿ ಜಾಲಾಡಿ, ನಳಿಗೆಯ ಒಂದು ತುದಿಯಿಂದ ಇನ್ನೊಂದು ತುದಿಯ ಬೆಳಕು ಸ್ವಚ್ಛವಾಗಿ ಕಂಡರೆ ಮಾತ್ರ ಮತ್ತೆ ಹಾಕಬೇಕು. ಕೊರಳಿಗೆ ಕಟ್ಟುವ ಪಟ್ಟಿಯ ಕೆಳಗೆ ಒಂದು ಬೆರಳು ಹೋಗುವಷ್ಟು ಸಡಿಲ ಇರಬೇಕು. ಅದಕ್ಕಿಂತ ಬಿಗಿಯಾದರೆ ಚರ್ಮ ಕೊರೆಯುತ್ತದೆ, ಸಡಿಲವಾದರೆ ಕೆಮ್ಮಿದಾಗ ನಳಿಗೆ ಹೊರಬರುತ್ತದೆ.

ತಾವಾಗಿ ಕೆಮ್ಮಿ ಕಫ ಹಾಕಲಾರದವರಿಗೆ ಸಕ್ಷನ್, ಅಂದರೆ ಯಂತ್ರದಿಂದ ಕಫ ಎಳೆದು ತೆಗೆಯುವುದು, ಬೇಕು. ಸಕ್ಷನ್ ಕ್ಯಾತಿಟರ್ ನಳಿಗೆಯ ಒಳವ್ಯಾಸದ ಅರ್ಧಕ್ಕಿಂತ ದಪ್ಪ ಇರಕೂಡದು. 8 ಮಿಲಿಮೀಟರ್ ನಳಿಗೆಗೆ 12 ನಂಬರ್ ಕ್ಯಾತಿಟರ್ ಹೊಂದುತ್ತದೆ. ಒಂದು ಸಲಕ್ಕೆ ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಎಳೆಯಬಾರದು, ನಡುವೆ ಉಸಿರಾಡಲು ಬಿಡಬೇಕು. ಒಂದು ಕ್ಯಾತಿಟರನ್ನು ಎಷ್ಟು ಸಲ, ಹೇಗೆ ಶುಚಿ ಮಾಡಿ ಬಳಸಬಹುದು ಎಂಬುದನ್ನು ಆಸ್ಪತ್ರೆಯ ನರ್ಸಿನಿಂದ ಕೇಳಿ ಬರೆದುಕೊಳ್ಳಬೇಕು. ಖರ್ಚು ಉಳಿಸಲೆಂದು ಮನೆಯವರೇ ನಿಯಮ ಮಾಡಿಕೊಂಡರೆ ಶ್ವಾಸಕೋಶದ ಸೋಂಕು ಬಂದು, ಉಳಿದದ್ದರ ಹಲವು ಪಟ್ಟು ಹಣ ಹೋಗುತ್ತದೆ.

ಮೂಗು ಗಾಳಿಯನ್ನು ಬೆಚ್ಚಗೆ, ತೇವವಾಗಿ ಮಾಡಿ, ದೂಳನ್ನು ಸೋಸಿ ಒಳಗೆ ಬಿಡುತ್ತದೆ. ನಳಿಗೆ ಇದ್ದವರಿಗೆ ಈ ಮೂರೂ ತಪ್ಪಿಹೋಗುತ್ತವೆ. ಬೀದರ್ ಜಿಲ್ಲೆಯ ಒಣ ಬೇಸಿಗೆಯಲ್ಲಿ, ತೊಗರಿ ರಾಶಿಯ ದೂಳಿನಲ್ಲಿ, ಕಟ್ಟಿಗೆ ಒಲೆಯ ಹೊಗೆಯಲ್ಲಿ ಕಫ ಗಟ್ಟಿಯಾಗಿ ನಳಿಗೆಯೊಳಗೆ ಹೆಪ್ಪುಗಟ್ಟುತ್ತದೆ. ಅಂಗಡಿಯಲ್ಲಿ ಸಿಗುವ ತೇವಾಂಶದ ಫಿಲ್ಟರನ್ನು ತೊಳೆದು ಮತ್ತೆ ಬಳಸಲಾಗದು, ಆಗಾಗ ಬದಲಿಸಬೇಕು. ವರ್ಷಪೂರ್ತಿ ಇದು ದುಬಾರಿ. ಸಾಮಾನ್ಯ ರೋಗಿಗಳಿಗೆ ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ, ಎಳೆ ಬಿಡದ ಎರಡು ಪದರದ ತೆಳು ಬಟ್ಟೆಯನ್ನು ನಳಿಗೆಯ ಬಾಯಿಗೆ ಸಡಿಲವಾಗಿ ಇಳಿಬಿಟ್ಟರೆ ಆ ಕೆಲಸ ಬಹುಮಟ್ಟಿಗೆ ನಡೆಯುತ್ತದೆ. ಜೊತೆಗೆ ವೈದ್ಯರು ಹೇಳಿದಂತೆ ಸಲೈನ್ ನೆಬುಲೈಸೇಷನ್ ಬೇಕು. ರಾಶಿಯ ದಿನಗಳಲ್ಲಿ ರೋಗಿಯ ಕೋಣೆ ಕಣದಿಂದ ದೂರವಿದ್ದಷ್ಟೂ ಒಳ್ಳೆಯದು.

ತಿಂಗಳ ಮಾದರಿ ಲೆಕ್ಕ

ದರ ಅಂಗಡಿಯಿಂದ ಅಂಗಡಿಗೆ, ಕಂಪನಿಯಿಂದ ಕಂಪನಿಗೆ ಬೇರೆ. ಲೆಕ್ಕ ಹಾಕುವ ಕ್ರಮ ತಿಳಿಯಲೆಂದು ಒಂದು ಮಾದರಿ ಹೀಗಿದೆ. ದಿನಕ್ಕೆ ಆರು ಕ್ಯಾತಿಟರ್, ಒಂದಕ್ಕೆ ₹20 ಎಂದು ಹಿಡಿದರೆ ತಿಂಗಳಿಗೆ ₹3,600. ಎರಡು ದಿನಕ್ಕೊಂದು ಸಲೈನ್ ಬಾಟಲಿ, ₹40ರಂತೆ ₹600. ಗಾಜ್ ಬಟ್ಟೆ, ಕೊರಳಪಟ್ಟಿ, ಕೈಗವಸಿಗೆ ₹600. ತಿಂಗಳಿಗೊಂದು ಪಿವಿಸಿ ನಳಿಗೆಗೆ ₹1,200. ಒಟ್ಟು ₹6,000. ಲೋಹದ ನಳಿಗೆ ಇದ್ದು, ತಾವೇ ಕೆಮ್ಮಿ ಕಫ ಹಾಕಬಲ್ಲ ರೋಗಿಗೆ ಇದರಲ್ಲಿ ದೊಡ್ಡ ಬಾಬತ್ತುಗಳೆರಡೂ ಇಲ್ಲವಾಗಿ ಖರ್ಚು ₹1,200ಕ್ಕೆ ಇಳಿಯುತ್ತದೆ.

ಪುಸ್ತಕದಲ್ಲಿ ಯಾರೂ ಬರೆಯದ ಖರ್ಚು ಇನ್ನೊಂದಿದೆ. ಕಫ ಯಾವಾಗ ಕಟ್ಟೀತೆಂದು ಹೇಳಲಾಗದ್ದರಿಂದ ರೋಗಿಯನ್ನು ಒಂಟಿಯಾಗಿ ಬಿಡುವಂತಿಲ್ಲ. ಮನೆಯ ಒಬ್ಬರು, ಬಹುತೇಕ ಒಬ್ಬ ಹೆಣ್ಣುಮಗಳು, ದುಡಿಮೆ ಬಿಟ್ಟು ಕೂರುತ್ತಾರೆ. 2025-26ರಲ್ಲಿ ಕರ್ನಾಟಕಕ್ಕೆ ನಿಗದಿಯಾದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ ₹370. ಅದನ್ನೇ ಅಳತೆಯಾಗಿಟ್ಟು 26 ದಿನಕ್ಕೆ ಲೆಕ್ಕ ಹಾಕಿದರೆ ತಿಂಗಳಿಗೆ ₹9,620. ಸಾಮಾನಿನ ಖರ್ಚಿಗಿಂತ ಇದೇ ದೊಡ್ಡದು. ಆದ್ದರಿಂದ ಸಕ್ಷನ್ ಮತ್ತು ನಳಿಗೆ ತೊಳೆಯುವುದನ್ನು ಮನೆಯ ಇಬ್ಬರು ಮೂವರು ಆಸ್ಪತ್ರೆಯಲ್ಲೇ ಕೈಯಾರೆ ಮಾಡಿ ಕಲಿತು ಬರಬೇಕು. ಸರದಿಯಲ್ಲಿ ನೋಡಿಕೊಂಡರೆ ಕೂಲಿಯೂ ಉಳಿಯುತ್ತದೆ, ಒಬ್ಬರ ನಿದ್ದೆಯೂ ಉಳಿಯುತ್ತದೆ.

ಕ್ಯಾತಿಟರನ್ನು ಡಬ್ಬಿಗಟ್ಟಲೆ ಕೊಂಡರೆ ಅಗ್ಗ; ಪ್ಯಾಕೆಟ್ಟಿನ ಮೇಲಿನ ಅವಧಿ ನೋಡಿ ಕೊಳ್ಳಬೇಕು. ನಳಿಗೆಯನ್ನು ಮಾತ್ರ ಹಾಗೆ ಕೊಳ್ಳಬಾರದು, ಮುಂದಿನ ತಪಾಸಣೆಯಲ್ಲಿ ವೈದ್ಯರು ಅಳತೆ ಬದಲಿಸಬಹುದು.

ಯಂತ್ರ ಮತ್ತು ಕರೆಂಟು

ಸಕ್ಷನ್ ಯಂತ್ರ ಒಂದು ಸಲದ ದೊಡ್ಡ ಖರೀದಿ. ಹಳ್ಳಿಯ ಮನೆಗೆ ಬ್ಯಾಟರಿ ಇರುವ ಯಂತ್ರ, ಅಥವಾ ಕರೆಂಟಿನ ಯಂತ್ರದ ಜೊತೆಗೆ ಕಾಲಿನಿಂದ ಒತ್ತುವ ಯಂತ್ರ ಬೇಕು. ಮಳೆಗಾಳಿಗೆ ಕರೆಂಟು ಹೋದ ರಾತ್ರಿ ಕಾಲಿನ ಯಂತ್ರ ಜೀವ ಉಳಿಸುತ್ತದೆ. ಕೆಲವೇ ತಿಂಗಳಿಗೆ ಬೇಕಾದವರು ಬಾಡಿಗೆಗೆ ಅಥವಾ ಬಳಸಿದ ಯಂತ್ರಕ್ಕೆ ವಿಚಾರಿಸಬಹುದು. ಆಗ ರಬ್ಬರ್ ಕೊಳವೆ ಮತ್ತು ಫಿಲ್ಟರನ್ನು ಹೊಸದಾಗಿ ಹಾಕಿಸಬೇಕು.

ಕರೆಂಟು ಬಿಲ್ಲಿನ ಭಯ ಈ ಯಂತ್ರಕ್ಕೆ ಬೇಡ. ನೂರು ವ್ಯಾಟಿನ ಮೋಟಾರು ದಿನಕ್ಕೆ ಅರ್ಧ ತಾಸು ಓಡಿದರೆ ತಿಂಗಳಿಗೆ ಒಂದೂವರೆ ಯೂನಿಟ್. ಆಕ್ಸಿಜನ್ ಕಾನ್ಸಂಟ್ರೇಟರ್ ಬೇಕಾದವರ ಲೆಕ್ಕ ಬೇರೆ: ಮುನ್ನೂರು ವ್ಯಾಟಿನದು ಹಗಲೂ ರಾತ್ರಿ ಓಡಿದರೆ ತಿಂಗಳಿಗೆ 216 ಯೂನಿಟ್. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಗರಿಷ್ಠ ಮಿತಿ 200 ಯೂನಿಟ್. ಅದನ್ನು ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಆ ಮೊತ್ತವನ್ನು ಮೊದಲೇ ಎತ್ತಿಡಬೇಕು.

ಕಾರ್ಡು, ವಿಮೆ, ತೆರಿಗೆ

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ ₹1.5 ಲಕ್ಷದವರೆಗೆ. ತುರ್ತು ಅಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಆಯುಷ್ಮಾನ್ ಪ್ಯಾಕೇಜಿನಲ್ಲಿ ಡಿಸ್ಚಾರ್ಜ್ ನಂತರದ 15 ದಿನಗಳ ಔಷಧಿಯೂ ಸೇರಿದೆ. ಹೊರಡುವ ದಿನ ಅದನ್ನು ಕೇಳಿ ಪಡೆಯಬೇಕು. ಆಮೇಲಿನ ತಿಂಗಳುಗಟ್ಟಲೆಯ ಕ್ಯಾತಿಟರ್, ಗಾಜ್ ಇದರಲ್ಲಿ ಬರುವುದಿಲ್ಲ. ಖಾಸಗಿ ವಿಮೆಯ ಪಾಲಿಸಿಗಳೂ ಮನೆಯಲ್ಲಿ ಬಳಸುವ ಇಂಥ ಸಾಮಾನನ್ನು ಸಾಮಾನ್ಯವಾಗಿ ಹೊರಗಿಡುತ್ತವೆ.

ಧ್ವನಿಪೆಟ್ಟಿಗೆಯನ್ನೇ ತೆಗೆದವರಿಗೆ ಇನ್ನೊಂದು ಹಕ್ಕಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅದರಿಂದಾಗುವ ಶಾಶ್ವತ ವಾಕ್ ದೋಷವನ್ನು ಹೆಸರಿಸಿಯೇ ಅಂಗವೈಕಲ್ಯವೆಂದು ಗುರುತಿಸಿದೆ. ಅಂಥವರು ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬೇಕು. ಮಾಸಾಶನ, ಬಸ್ ಪಾಸ್ ಮೊದಲಾದ ಸೌಲಭ್ಯಗಳು ಆ ಕಾರ್ಡು ಮತ್ತು ಶೇಕಡಾವಾರು ಪ್ರಮಾಣಪತ್ರದ ಮೇಲೆ ನಿಂತಿವೆ. ತಾತ್ಕಾಲಿಕ ನಳಿಗೆ ಮಾತ್ರ ಇದ್ದವರಿಗೆ ಇದು ಅನ್ವಯಿಸುವುದಿಲ್ಲ.

ಸಂಬಳದಾರರ ಮನೆಯಲ್ಲಿ ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ, 1961ರ ಕಾಯ್ದೆಯ 80ಡಿಡಿಬಿ ಕಲಮು ಕ್ಯಾನ್ಸರ್‌ನಂಥ ನಿಗದಿತ ಕಾಯಿಲೆಗಳ ಚಿಕಿತ್ಸಾ ವೆಚ್ಚಕ್ಕೆ ₹40,000ದವರೆಗೆ, ರೋಗಿ ಹಿರಿಯ ನಾಗರಿಕರಾದರೆ ₹1 ಲಕ್ಷದವರೆಗೆ ಕಡಿತ ಕೊಟ್ಟಿದೆ. ತಜ್ಞರ ಚೀಟಿ ಮತ್ತು ಬಿಲ್ಲುಗಳನ್ನು ಒಂದೇ ಫೈಲಿನಲ್ಲಿ ಕಾದಿಡಬೇಕು.

ಓಡಾಟ

ಆಸ್ಪತ್ರೆ ಆರಿಸುವಾಗ ಬಸ್ಸಿನ ಖರ್ಚೂ ಲೆಕ್ಕಕ್ಕೆ ಬರುತ್ತದೆ. ಜೂನ್ 2023ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಇಲ್ಲ. ಬೀದರಿನ ಬ್ರಿಮ್ಸ್, ಕಲಬುರಗಿಯ ಜಿಮ್ಸ್ ಸರ್ಕಾರಿ ಆಸ್ಪತ್ರೆಗಳಿಗೆ ಅಥವಾ ಕಲಬುರಗಿಯ ಕಿದ್ವಾಯಿ ಕ್ಯಾನ್ಸರ್ ಕೇಂದ್ರಕ್ಕೆ ಹೋಗುವ ಹೆಣ್ಣುಮಗಳಿಗೆ ಇದು ನಡೆಯುತ್ತದೆ. ಸೊಲ್ಲಾಪುರ, ಹೈದರಾಬಾದಿನ ಪ್ರಯಾಣಕ್ಕೆ ಇಲ್ಲ. ಕ್ಯಾನ್ಸರ್ ರೋಗಿಗಳು ಚಿಕಿತ್ಸೆಗೆ ರೈಲಿನಲ್ಲಿ ಹೋದರೆ ಸ್ಲೀಪರ್ ಮತ್ತು ಮೂರನೇ ದರ್ಜೆಯ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗಾರರಿಗೆ ಶೇ 75. ಇದಕ್ಕೆ ರೈಲ್ವೆಯ ನಮೂನೆಯಲ್ಲಿ ವೈದ್ಯರ ಪ್ರಮಾಣಪತ್ರ ಬೇಕು. ಬೆಂಗಳೂರಿನ ಕಿದ್ವಾಯಿಗೆ ಹೋಗಿಬರುವ ಕುಟುಂಬಕ್ಕೆ ಇದು ದೊಡ್ಡ ಉಳಿತಾಯ.

ತುರ್ತು

ರೋಗಿ ಏದುಸಿರು ಬಿಟ್ಟರೆ, ನಳಿಗೆಯಿಂದ ಸಿಳ್ಳೆಯಂಥ ಸದ್ದು ಬಂದರೆ, ತುಟಿ ನೀಲಿಯಾದರೆ ಮೊದಲು ಒಳನಳಿಗೆ ಹೊರತೆಗೆಯಬೇಕು. ಹಲವು ಸಲ ಅಷ್ಟಕ್ಕೇ ದಾರಿ ತೆರೆಯುತ್ತದೆ. ನಂತರ ಸಕ್ಷನ್. ಆದರೂ ಸರಿಹೋಗದಿದ್ದರೆ, ನಳಿಗೆಯಿಂದ ಕೆಂಪು ರಕ್ತ ಬಂದರೆ ಅಥವಾ ನಳಿಗೆ ಹೊರಬಿದ್ದರೆ 108ಕ್ಕೆ ಕರೆ ಮಾಡಬೇಕು. ನಳಿಗೆ ಹೊರಬಿದ್ದಿದ್ದರೆ ಅಥವಾ ಕಟ್ಟಿಕೊಂಡೇ ಇದ್ದರೆ ಆಸ್ಪತ್ರೆ ಕಲಿಸಿದಂತೆ ಹೆಚ್ಚುವರಿ ನಳಿಗೆ ಹಾಕಬೇಕು. ಧ್ವನಿಪೆಟ್ಟಿಗೆ ತೆಗೆದವರಿಗೆ ಬಾಯಿ, ಮೂಗಿನಿಂದ ಕೊಟ್ಟ ಆಕ್ಸಿಜನ್ ಶ್ವಾಸಕೋಶ ತಲುಪುವುದಿಲ್ಲ. ಅದನ್ನು ಕೊರಳ ರಂಧ್ರಕ್ಕೇ ಹಿಡಿಯಬೇಕೆಂದು ಒಂದು ಚೀಟಿ ಬರೆದು ರೋಗಿಯ ಜೇಬಿನಲ್ಲಿಡಬೇಕು. ವಾಹನ ಬಾಡಿಗೆಗೆ ಸಾಕಾಗುವಷ್ಟು ನಗದು ಮನೆಯಲ್ಲಿ ಬೇರೆಯಾಗಿಯೇ ಇರಬೇಕು.

ನಳಿಗೆ ತೆಗೆಯುವ ಹಂತ

ಮೂಲ ಕಾಯಿಲೆ ವಾಸಿಯಾದವರಿಗೆ ನಳಿಗೆ ತೆಗೆಯಬಹುದು. ವೈದ್ಯರು ಅಳತೆ ಕಿರಿದಾಗಿಸುತ್ತಾ, ನಳಿಗೆಯ ಬಾಯಿ ಮುಚ್ಚಿ ಉಸಿರಾಟ ಪರೀಕ್ಷಿಸಿ, ಕೊನೆಗೆ ಆಸ್ಪತ್ರೆಯಲ್ಲೇ ತೆಗೆಯುತ್ತಾರೆ. ಆ ದಿನಗಳ ವಾಸ್ತವ್ಯ ಮತ್ತು ಕೂಲಿ ನಷ್ಟಕ್ಕೆ ಒಂದಿಷ್ಟು ಹಣ ಬೇಕು. ರಂಧ್ರ ಸಾಮಾನ್ಯವಾಗಿ ತಾನೇ ಮುಚ್ಚುತ್ತದೆ. ಅದಾದ ಮೇಲೆ ಬಳಸಿದ ನಳಿಗೆ, ಕ್ಯಾತಿಟರುಗಳನ್ನು ಯಾರಿಗೂ ಕೊಡದೆ ವಿಲೇವಾರಿ ಮಾಡಬೇಕು. ಸಕ್ಷನ್ ಯಂತ್ರ, ನೆಬುಲೈಸರ್ ಮತ್ತು ತೆರೆಯದ ಪ್ಯಾಕೆಟ್ಟುಗಳು ತಾಲೂಕಿನ ಇನ್ನೊಂದು ಮನೆಗೆ ಉಪಯೋಗಕ್ಕೆ ಬರುತ್ತವೆ. ನಳಿಗೆ ಜೀವಮಾನವಿಡೀ ಇರಬೇಕಾದ ಮನೆಗಳು ತಿಂಗಳ ಖರ್ಚಿನ ಜೊತೆಗೆ ಯಂತ್ರದ ರಿಪೇರಿಗೂ ಸ್ವಲ್ಪ ಸ್ವಲ್ಪ ಎತ್ತಿಡುತ್ತಾ, ಪ್ರತಿ ತಪಾಸಣೆಯ ನಂತರ ಬಜೆಟ್ಟನ್ನು ಹೊಸದಾಗಿ ಬರೆದುಕೊಳ್ಳಬೇಕು.